ಮೂಲೆಮನೆಯ ಗೂಡಿನಲ್ಲಿ ಬಿಟ್ಟ ಕರಡಿಗೆ

ಇದನ್ನು ಹೇಳಬೇಕೆಂದು ಅಂದುಕೊಳ್ಳುತ್ತಲೇ ಬಂದೆ, ಮುಂದಕ್ಕೆ ಹಾಕುತ್ತಲೂ ಬಂದೆ. ಅಜ್ಜಿ ಇರುವವರೆಗೆ ಬೇಡ ಎಂದುಕೊಂಡೆ. ಅವಳು ಹೋದ ಮೇಲೆ ಅಪ್ಪನ ಮುಖ ಅಡ್ಡ ಬಂತು. ಅಪ್ಪನೂ ಹೋದ ಮೇಲೆ, ಮಗನ ಮದುವೆ ಮುಗಿಯಲಿ, ಬೀಗರ ಕಿವಿಗೆ ಇದೆಲ್ಲ ಯಾಕೆ ಎಂದು ಸುಮ್ಮನಾದೆ. ಈಗ ನನ್ನ ಬಳಿ ನೆಪಗಳು ಉಳಿದಿಲ್ಲ, ಹೆಚ್ಚು ಕಾಲವೂ ಉಳಿದಿಲ್ಲ. ಆದರೂ ಕಳೆದ ಭಾನುವಾರ ಆ ವಾಸನೆ ಬರದಿದ್ದರೆ ಇನ್ನೂ ಸ್ವಲ್ಪ ದಿನ ತಳ್ಳುತ್ತಿದ್ದೆನೇನೋ. ಬೆಂಗಳೂರಿನ ಆರ್‌ಪಿಸಿ ಲೇಔಟಿನ ನಮ್ಮ ಮನೆಯ ಮೇಲೆ ಒಂದು ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದೇವೆ. ಅಸ್ಸಾಮಿನ ಕಡೆಯ ಇಬ್ಬರು ಹುಡುಗಿಯರಿದ್ದಾರೆ, ಆಸ್ಪತ್ರೆಯೊಂದರಲ್ಲಿ ನರ್ಸುಗಳು. ರೂಮು ಕೊಡುವಾಗ ಸೊಸೆ "ವೆಜ್ ತಾನೇ?" ಎಂದು ಕೇಳಿದ್ದಳು, ಅವರು ತಲೆಯಾಡಿಸಿದ್ದರು. ಭಾನುವಾರ ಒಣಗಿದ ಬಟ್ಟೆ ತರಲು ಮೆಟ್ಟಿಲು ಹತ್ತುತ್ತಿದ್ದೆ. ಊದುಬತ್ತಿಯ ಘಾಟು ಮೂಗಿಗೆ ಹೊಡೆಯಿತು, ಒಂದೆರಡಲ್ಲ, ಕಟ್ಟೇ ಹಚ್ಚಿದ ಹಾಗೆ. ಅದರ ಅಡಿಯಿಂದ ಇನ್ನೊಂದು ವಾಸನೆ ನುಸುಳಿ ಬಂತು. ಉಪ್ಪು, ಎಣ್ಣೆ, ಮೆಣಸಿನಪುಡಿ, ಬಿಸಿಲಲ್ಲಿ ಒಣಗಿದ ಯಾವುದೋ ದೂರದ ನೀರು. ಒಣಮೀನು ಹುರಿಯುತ್ತಿದ್ದರು. ಬಾಗಿಲು ತಟ್ಟಿದೆ. ಚಿಕ್ಕವಳು ಬಾಗಿಲನ್ನು ಅರ್ಧ ತೆಗೆದು, ತನ್ನ ಮೈಯಿಂದಲೇ ಸ್ಟವ್ ಮರೆಮಾಡಿ ನಿಂತಳು. "ಸಾರಿ ಅಂಕಲ್. ವಿಂಡೋ ಕ್ಲೋಸ್ ಮಾಡಿದೆ ಅಂಕಲ್. ಕೆಳಗೆ ಸ್ಮೆಲ್ ಬಂತಾ?" ಎಂದಳು. ಬೈಯಬೇಕೆಂದೇ ಹತ್ತಿ ಬಂದಿದ್ದೆನೋ ಏನೋ, ನನಗೂ ಗೊತ್ತಿಲ್ಲ. ಆ ಹುಡುಗಿಯ ಮುಖದಲ್ಲಿದ್ದ ಹೆದರಿಕೆ ನೋಡಿ, "ಕಿಟಕಿ ತೆಗಿಯಮ್ಮ, ಹೊಗೆಗೆ ಕೆಮ್ಮು ಬರುತ್ತೆ" ಎಂದಷ್ಟೇ ಹೇಳಿ ಬಟ್ಟೆಯನ್ನೂ ಮರೆತು ಇಳಿದು ಬಂದೆ. ಕೆಳಗೆ ಸೊಸೆ, "ಏನ್ ಮಾವ ಅದು ವಾಸನೆ?" ಎಂದು ಕೇಳಿದಳು. "ಊದುಬತ್ತಿ ಹಚ್ಚಿದಾರೆ" ಎಂದೆ. 

ನಾನು ಬೆಳೆದದ್ದು ರಾಜಾಜಿನಗರದ ಒಂದು ವಠಾರದಲ್ಲಿ. ಅಪ್ಪ ರಾಣೆಬೆನ್ನೂರು ಕಡೆಯಿಂದ ಬಂದು ಅಲ್ಲಿನ ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದರು. ಅಮ್ಮ ನಾನು ಹುಟ್ಟಿದ ಸ್ವಲ್ಪ ಕಾಲಕ್ಕೇ ತೀರಿಕೊಂಡಿದ್ದಳು, ನನ್ನನ್ನು ಸಾಕಲೆಂದು ಅಜ್ಜಿ ಊರು ಬಿಟ್ಟು ಬಂದಿದ್ದಳು. ವಠಾರವೆಂದರೆ ಹಳಬರಿಗೆ ನಾನು ವಿವರಿಸಬೇಕಾಗಿಲ್ಲ. ನಡುವೆ ಕಲ್ಲುಚಪ್ಪಡಿಯ ಅಂಗಳ, ಸುತ್ತ ಶೀಟು ಹೊದಿಸಿದ ಮನೆಗಳು, ಒಂದೇ ಒಂದು ನಲ್ಲಿ, ಗೇಟಿನ ಪಕ್ಕ ಕಂಬಳಿಹುಳ ಬೀಳುವ ಒಂದು ನುಗ್ಗೆಮರ. ಸಂಜೆ ಕಾರ್ಖಾನೆಗಳ ಸೈರನ್ ಕೂಗಿದ ಮೇಲೆ ಸೈಕಲ್ಲುಗಳು ಒಂದೊಂದಾಗಿ ಒಳಗೆ ಬರುತ್ತಿದ್ದವು, ಎಲ್ಲ ಗಂಡಸರ ಮೈಯಿಂದಲೂ ಒಂದೇ ಕಬ್ಬಿಣದ ವಾಸನೆ. ಆದರೆ ಒಲೆಗಳ ವಾಸನೆ ಮಾತ್ರ ಬೇರೆ ಬೇರೆ. ಒಂದು ಮನೆಯಲ್ಲಿ ಹುರುಳಿಕಟ್ಟಿನ ಸಾರು, ಇನ್ನೊಂದರಲ್ಲಿ ಗೊಂಗೂರ, ಮತ್ತೊಂದರಲ್ಲಿ ಕೊಬ್ಬರಿ ಎಣ್ಣೆಯ ಒಗ್ಗರಣೆ, ನಮ್ಮ ಮನೆಯಲ್ಲಿ ಅಜ್ಜಿ ತಟ್ಟುವ ಜೋಳದ ರೊಟ್ಟಿಯ ಪಟಪಟ ಸದ್ದು. ಅಂಗಳದಲ್ಲಿ ಕುಂಟೆಬಿಲ್ಲೆ ಆಡುವಾಗ ನಾವು ತಮಿಳಿನಲ್ಲಿ ಎಣಿಸಿ, ತೆಲುಗಿನಲ್ಲಿ ಜಗಳವಾಡಿ, ಸಾಬರ ಹುಡುಗನಿಂದ ಕಲಿತ ಉರ್ದುವಿನಲ್ಲಿ ಬೈಯುತ್ತಿದ್ದೆವು. ನನಗೆ ಎರಡು ಕನ್ನಡಗಳಿದ್ದವು. ಹೊಸ್ತಿಲ ಒಳಗೆ ಅಜ್ಜಿಯ ಕನ್ನಡ, ಹೊರಗೆ ಬೆಂಗಳೂರಿನದು. ಯಾವುದರಿಂದ ಯಾವುದಕ್ಕೆ ದಾಟುತ್ತಿದ್ದೇನೆ ಎಂಬುದು ನನ್ನ ನಾಲಿಗೆಗೇ ತಿಳಿಯುತ್ತಿರಲಿಲ್ಲ.

ಇಷ್ಟು ಬೇರೆ ಬೇರೆ ಜನ ಒಂದು ನಲ್ಲಿಯ ಸುತ್ತ ಬದುಕಿದ್ದು ದೊಡ್ಡ ಮಾತುಗಳಿಂದಲ್ಲ, ಸಣ್ಣ ಸಣ್ಣ ತಿಳುವಳಿಕೆಗಳಿಂದ. ನಮ್ಮ ಮನೆಯವರು ಲಿಂಗವಂತರು, ಬೇರೆಯವರ ಮನೆಯಲ್ಲಿ ಬೇಯಿಸಿದ್ದನ್ನು ಅಜ್ಜಿ ಮುಟ್ಟುತ್ತಿರಲಿಲ್ಲ. ಅದನ್ನು ಯಾರೂ ಅವಮಾನವೆಂದು ತಿಳಿಯಲಿಲ್ಲ. ಹಬ್ಬ ಬಂದರೆ ನಮ್ಮ ಮನೆಗೆ ಎಲ್ಲರೂ ಬೇಯಿಸದ ಪದಾರ್ಥವನ್ನೇ ಕಳಿಸುತ್ತಿದ್ದರು. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಬಾಳೆಹಣ್ಣು, ಒಮ್ಮೆ ರಂಜಾನಿಗೆ ಒಂದು ಪೊಟ್ಟಣ ಒಣ ಶಾವಿಗೆ, ಜೊತೆಗೆ ಬೇರೆ ಪೊಟ್ಟಣದಲ್ಲಿ ಸಕ್ಕರೆ. ಅಜ್ಜಿಯ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾತ್ರ ಎಲ್ಲ ಮನೆಗೂ ಹೋಗುತ್ತಿತ್ತು. ಅನ್ನ ಒಂದೇ ದಿಕ್ಕಿಗೆ ಹರಿಯುತ್ತಿತ್ತು, ಪ್ರೀತಿ ಎರಡೂ ದಿಕ್ಕಿಗೆ. ಇವತ್ತಿನವರು ಕೇಳಿದರೆ ಅದರಲ್ಲಿ ತಪ್ಪು ಹುಡುಕುತ್ತಾರೆ, ತಪ್ಪು ಇತ್ತು ಕೂಡ. ಆದರೆ ಇನ್ನೊಬ್ಬರ ಗಡಿ ಎಲ್ಲಿದೆಯೆಂದು ತಿಳಿದು, ಅದರವರೆಗೆ ಬಂದು, ಅಲ್ಲಿಂದ ಕೈ ಚಾಚುವುದನ್ನು ನಾನು ಕಂಡದ್ದು ಆ ಅಂಗಳದಲ್ಲಿಯೇ.

ಅದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಮೂಲೆಮನೆಯ ಅಕ್ಕ. ಕೋಲಾರದ ಚಿನ್ನದ ಗಣಿಯ ಕಡೆಯಿಂದ ಬಂದ ತಮಿಳರು, ಆಗಷ್ಟೇ ಒಂದು ಮಗುವಾಗಿತ್ತು. ಅವರ ಗಂಡನೂ ನಮ್ಮ ಅಪ್ಪನೂ ಒಂದೇ ಕಾರ್ಖಾನೆ, ಪಕ್ಕಪಕ್ಕದ ಯಂತ್ರ. ಅಕ್ಕ ನಡೆದರೆ ಬಳೆಗಳಿಗಿಂತ ಮೊದಲು ನಗು ಕೇಳುತ್ತಿತ್ತು. ಅವರ ಕನ್ನಡದಲ್ಲಿ ತಮಿಳು ಎಷ್ಟು ಬೆರೆತಿತ್ತೆಂದರೆ ನಲ್ಲಿಯ ಬಳಿ ಹೆಂಗಸರು ಅಣಕಿಸುತ್ತಿದ್ದರು. "ನೀವು ನನ್ನ ಕನ್ನಡ ನಗಾಡಿ, ನಾನು ನಿಮ್ಮ ಕೊಡ ಹಿಂದಕ್ಕೆ ಇಡ್ತೀನಿ" ಎಂದು ಅಕ್ಕ ತಿರುಗಿಸಿ ಹೇಳುತ್ತಿದ್ದರು. ಅಜ್ಜಿ ಅವರನ್ನು "ಮೀನಿನ ಮನಿಯಾಕಿ" ಎನ್ನುತ್ತಿದ್ದಳು, ಮುಖದೆದುರಿಗೆ "ಏನವಾ" ಎನ್ನುತ್ತಿದ್ದಳು. ಆ ಮನೆಯಲ್ಲಿ ಒಂದು ಮುಚ್ಚಳದ ಡಬ್ಬಿ ಇತ್ತು, ಹುರಿಗಡಲೆ ಮತ್ತು ಬೆಲ್ಲದ ಚೂರು ತುಂಬಿದ್ದು. ಒಲೆಯಿಂದ ದೂರ, ಕಿಟಕಿಯ ಮೇಲೆ ಬೇರೆಯೇ ಇಟ್ಟಿರುತ್ತಿದ್ದರು. ನಾನು ಹೋದರೆ ಕೈ ತೊಳೆದು ಸೆರಗಿಗೆ ಒರಸಿಕೊಂಡು ಅದರಿಂದ ಒಂದು ಹಿಡಿ ಕೊಡುತ್ತಿದ್ದರು. "ಇದು ನಿಂದು ತಂಬಿ. ಇದಕ್ಕೆ ನಮ್ಮ ಕೈ ಹಾಗೇ ಹಾಕಲ್ಲ. ಪಾಟಿ ಕೇಳಿದ್ರೆ ಧೈರ್ಯವಾಗಿ ಹೇಳು" ಎನ್ನುತ್ತಿದ್ದರು. ಪಾಟಿ ಎಂದರೆ ನಮ್ಮ ಅಜ್ಜಿ. ನನಗೋ ಆ ಹುರಿಗಡಲೆಯಲ್ಲಿ ಮನಸ್ಸಿರಲಿಲ್ಲ. ಒಲೆಯ ಮೇಲೆ ಚಟಪಟ ಎನ್ನುವುದರ ಮೇಲಿತ್ತು.

ಏಳೆಂಟು ವರ್ಷದವನಿದ್ದೆ. ನನ್ನ ಕೊರಳಲ್ಲಿ ಶಿವದಾರ, ಅದರಲ್ಲಿ ಲಿಂಗವಿರುವ ಬೆಳ್ಳಿಯ ಪುಟ್ಟ ಕರಡಿಗೆ. ಮೈಮೇಲಿನಿಂದ ಅದನ್ನು ಎಂದೂ ತೆಗೆಯಬಾರದೆಂದು ಅಜ್ಜಿ ಕಲಿಸಿದ್ದಳು, "ಅದು ನಿನ್ನ ಉಸಿರ ಇದ್ದಂಗ, ತಮ್ಮಾ" ಎಂದಿದ್ದಳು. ಒಂದು ಮಧ್ಯಾಹ್ನ ನಲ್ಲಿಯಲ್ಲಿ ನೀರು ಬಂತೆಂದು ಕೂಗು ಎದ್ದಿತು. ಅಕ್ಕ ನನ್ನನ್ನು ಕರೆದು, "ತಂಬಿ, ತೊಟ್ಲು ಸ್ವಲ್ಪ ತೂಗ್ತಾ ಇರು, ಕೊಡ ತುಂಬ್ಕೊಂಡು ಬಂದ್ಬಿಡ್ತೀನಿ" ಎಂದು ಹೋದರು. ಮಗು ಮಲಗಿತ್ತು. ಒಲೆಯ ಪಕ್ಕ ಒಂದು ತಟ್ಟೆ, ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿತ್ತು. ನನಗೆ ಆಗ ಹೊಳೆದ ಉಪಾಯವನ್ನು ನೆನೆದರೆ ಈಗಲೂ ನಗು ಬರುತ್ತದೆ, ಬಂದ ಕೂಡಲೇ ಹೋಗುತ್ತದೆ. ಲಿಂಗ ಮೈಮೇಲಿದ್ದರೆ ತಾನೇ ತಪ್ಪು? ಅದು ನೋಡದಿದ್ದರೆ? ಶಿವದಾರವನ್ನು ತಲೆಯ ಮೇಲಿಂದ ತೆಗೆದೆ. ಗೋಡೆಯ ಗೂಡಿನಲ್ಲಿ ಅವರ ಮಾರಿಯಮ್ಮನ ಪಟವಿತ್ತು, ಅದರ ಹಿಂದೆ ಕರಡಿಗೆಯನ್ನು ಮರೆಯಾಗಿ ಇಟ್ಟೆ. ಆಮೇಲೆ ತಟ್ಟೆ ಸರಿಸಿ ಹುರಿದ ಒಣಮೀನು ತಿಂದೆ. ಆ ರುಚಿಯನ್ನು ಸುಳ್ಳು ಹೇಳಿ ಕೆಟ್ಟದಾಗಿತ್ತು ಎನ್ನಲಾರೆ. ಹುರಿದ ಅಂಚು ಹಲ್ಲಿಗೆ ಗರಿಗರಿಯಾಗಿ ಸಿಕ್ಕಿತು, ಉಪ್ಪು ಕಣ್ಣಿನವರೆಗೂ ಏರಿತು. ಇನ್ನೊಂದು ತೆಗೆದುಕೊಳ್ಳುತ್ತಿದ್ದಾಗ ಅಕ್ಕ ಸೊಂಟದ ಮೇಲೆ ಕೊಡ ಹೊತ್ತು ಬಾಗಿಲಲ್ಲಿ ನಿಂತಿದ್ದರು.

"ಅಯ್ಯಯ್ಯೋ ಸಾಮಿ! ಏನ್ ಮಾಡ್ದೆ ತಂಬಿ! ಪಾಟಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು!" ಎಂದು ಕೊಡ ಇಳಿಸಿ ತಮ್ಮ ಎರಡೂ ಕೆನ್ನೆಗೆ ಹೊಡೆದುಕೊಂಡರು. ನನ್ನ ಬಾಯಿಗೆ ನೀರು ಹಾಕಿ ಮತ್ತೆ ಮತ್ತೆ ಮುಕ್ಕಳಿಸಿ ಉಗುಳಿಸಿದರು, ಬೆರಳುಗಳಿಗೆ ಸೀಗೆಪುಡಿ ಹಾಕಿ ತಿಕ್ಕಿದರು, ಒಂದು ಲವಂಗ ಬಾಯಿಗೆ ತುರುಕಿದರು. ನಾನು ಅಳುವ ಹಾಗಿದ್ದುದನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. "ಚೆನ್ನಾಗಾದ್ರೂ ಇತ್ತಾ ಕರುವಾಡು?" ಎಂದರು. ಹೌದೆಂದು ತಲೆಯಾಡಿಸಿದೆ. "ಕಳ್ಳ! ಹೋಗು, ಯಾರ ಹತ್ರಾನೂ ಬಾಯಿ ಬಿಡ್ಬೇಡ. ಎರಡು ಅರ್ಥದಲ್ಲೂ!" ಎಂದು ಬೆನ್ನಿಗೆ ಒಂದು ಗುದ್ದು ಕೊಟ್ಟು ಓಡಿಸಿದರು. ಆ ಗಡಿಬಿಡಿಯಲ್ಲಿ ಕರಡಿಗೆ ಗೂಡಿನಲ್ಲೇ ಉಳಿಯಿತು.

ಸಂಜೆ ಪೂಜೆಗೆ ಕೂರಿಸುವಾಗ ಅಜ್ಜಿ ನನ್ನ ಬರಿ ಕೊರಳು ನೋಡಿದಳು. "ಎಲ್ಲೈತೋ ತಮ್ಮಾ ಲಿಂಗ?" ಎಂದವಳ ಧ್ವನಿ ಮೊದಲು ಮೆಲ್ಲಗಿತ್ತು. ನಾನು ಗೊತ್ತಿಲ್ಲವೆಂದೆ, ಆಟದಲ್ಲಿ ಬಿತ್ತೇನೋ ಎಂದೆ. ಅಜ್ಜಿ ನೆಲಕ್ಕೆ ಕುಸಿದು ಕೂತಳು. ಕಳೆದ ಲಿಂಗ ಸಿಗುವವರೆಗೆ ಒಂದು ತೊಟ್ಟು ನೀರು ಮುಟ್ಟುವುದಿಲ್ಲ ಎಂದಳು. ಸುದ್ದಿ ಅಂಗಳಕ್ಕೆ ಹೋಯಿತು. ಇಡೀ ವಠಾರ ಹುಡುಕಲು ನಿಂತಿತು. ತೆಲುಗಿನವರು ನುಗ್ಗೆಮರದ ಬುಡ ಗುಡಿಸಿದರು, ಸಾಬರು ಪಂಚೆ ಎತ್ತಿಕಟ್ಟಿ ನಲ್ಲಿಯ ಚರಂಡಿಗೆ ಕೈಹಾಕಿ ಕೆಸರು ಸೋಸಿದರು. ನಮ್ಮ ಒಂದು ಲಿಂಗಕ್ಕಾಗಿ ಅಷ್ಟೂ ದೇವರುಗಳ ಮಕ್ಕಳು ಬಗ್ಗಿ ಹುಡುಕುತ್ತಿದ್ದ ಆ ಸಂಜೆ ನನ್ನ ಕಣ್ಣ ಮುಂದೆ ಹಾಗೇ ಇದೆ. ಬೆಂಗಳೂರು ಎಂದರೆ ನನಗೆ ಆ ಬಾಗಿದ ಬೆನ್ನುಗಳು. ಅದು ಎಲ್ಲಿದೆಯೆಂದು ಗೊತ್ತಿದ್ದೂ ನಾನು ಅವರ ಜೊತೆ ಹುಡುಕುವವನ ಹಾಗೆ ಓಡಾಡುತ್ತಿದ್ದೆ. ಬೇರೆ ಏನು ಮರೆತರೂ ಇದನ್ನು ಮರೆಯಲಾರೆ.

ಮೂಲೆಮನೆಯ ಅಕ್ಕ ಸುಮ್ಮನಿದ್ದು, ಮರುದಿನ ನನ್ನ ಕೈಗೆ ಗುಟ್ಟಾಗಿ ಕೊಡಬಹುದಿತ್ತು. ಪಟದ ಹಿಂದೆ ಅವರಿಗೆ ಅದು ಆಗಲೇ ಸಿಕ್ಕಿತ್ತು. ಆದರೆ ಮುದುಕಿ ನೀರೂ ಮುಟ್ಟದೆ ಕೂತಿದ್ದಾಳೆಂದು ಕೇಳಿ ಅವರಿಗೆ ತಡೆಯಲಾಗಲಿಲ್ಲ. ಮೈಗೆ ನೀರು ಹಾಕಿಕೊಂಡು, ಒದ್ದೆ ಕೂದಲಿನಲ್ಲೇ, ಬಾಳೆ ಎಲೆಯ ತುಂಡಿನ ಮೇಲೆ ಕರಡಿಗೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ಹೊಸ್ತಿಲ ಆಚೆಯೇ ನಿಂತರು. "ನಮ್ಮ ಮನೆ ಗೂಡಲ್ಲಿ ಇತ್ತು ಪಾಟಿ. ಸ್ನಾನ ಮಾಡಿಯೇ ಮುಟ್ಟಿದೆ" ಎಂದರು. ಅಜ್ಜಿ ಕಣ್ಣು ಮುಚ್ಚಿ ಶಿವಶಿವಾ ಎಂದಳು. ಆಮೇಲೆ ಕಣ್ಣು ತೆರೆದು, "ನಿನ್ನ ಮನಿಗೆ ಹೆಂಗ ಬಂತವಾ ಇದು?" ಎಂದು ಕೇಳಿದಳು. ಅಕ್ಕ ನನ್ನ ಕಡೆ ನೋಡಿದರು. ಅಂಗಳದ ಜನವೆಲ್ಲ ಹಿಂದೆ ಸೇರಿತ್ತು, ವಠಾರದ ಓನರೂ ಬಂದಿದ್ದರು. ಅಪ್ಪ ನನ್ನ ರಟ್ಟೆ ಹಿಡಿದು ಕೈ ಎತ್ತಿದರು. "ಖರೇ ಹೇಳು. ಯಾಕ ಬಿಚ್ಚಿದಿ? ಅಲ್ಲೇನ್ ತಿಂದಿ?"

ಎತ್ತಿದ ಆ ಕೈಯನ್ನು ನೋಡುತ್ತಾ ನಾನು ಹೇಳಿದೆ. "ನಾ ಬಿಚ್ಚಲಿಲ್ಲ. ಆಕಿನ ಬಿಚ್ಚಿಟ್ಲು. ಆಕಿನ ಮೀನ ತಿನ್ನಿಸಿದ್ಲು."

ಅಕ್ಕ ಎಂಬುದು ಬಿಟ್ಟರೆ ಬೇರೆ ಮಾತಿನಿಂದ ನಾನು ಅವರನ್ನು ಕರೆದವನಲ್ಲ. ಅವತ್ತು ಅಂಗಳದ ಕನ್ನಡ ಬಿಟ್ಟು ಮನೆಯ ಕನ್ನಡಕ್ಕೆ ದಾಟಿ, 'ಆಕಿ' ಎಂದೆ. ಒಂದೇ ಮಾತಿನಲ್ಲಿ ನಾನು ನಮ್ಮವರ ಕಡೆ ಬಂದು ನಿಂತೆ, ಅವರನ್ನು ಹೊಸ್ತಿಲ ಆಚೆಗೆ ನಿಲ್ಲಿಸಿದೆ. ಅಪ್ಪನ ಕೈ ಇನ್ನೂ ಮೇಲೆಯೇ ಇತ್ತು. ಅಕ್ಕ ಅದನ್ನು ನೋಡಿದರು. ಹುರಿಗಡಲೆಯ ಡಬ್ಬಿಯ ಮಾತು ಎತ್ತಲಿಲ್ಲ, ಕದ್ದು ತಿಂದ ಎನ್ನಲಿಲ್ಲ. "ಚಿಕ್ಕ ಹುಡುಗ, ಹೊಡೀಬೇಡಿ ಅಣ್ಣ. ತಪ್ಪು ನಂದೇ" ಎಂದರು. ಬಾಳೆ ಎಲೆಯನ್ನು ಹೊಸ್ತಿಲ ಮೇಲೆ ಮೆಲ್ಲಗೆ ಇಟ್ಟು ಹೋದರು. ಓನರಿಗೆ ಮೀನಿನ ವಾಸನೆಯ ಮೇಲೆ ಮೊದಲಿನಿಂದಲೂ ಸಿಟ್ಟಿತ್ತು, ನೆಪ ಸಿಕ್ಕಿರಲಿಲ್ಲ. "ಮಕ್ಕಳ ಮೈಮೇಲಿನ ಲಿಂಗ ಬಿಚ್ಚೋ ಅಂಥವ್ರನ್ನ ಇಟ್ಕೊಳ್ಳೋಕಾಗಲ್ಲ. ಈ ತಿಂಗಳಿಗೆ ಖಾಲಿ ಮಾಡ್ಲಿ" ಎಂದರು. ಚರಂಡಿಯ ಕೆಸರನ್ನು ಕೈಯಲ್ಲಿ ಹಾಗೇ ಇಟ್ಟುಕೊಂಡು ನಿಂತಿದ್ದವರು ಯಾರೂ ಮಾತಾಡಲಿಲ್ಲ. ಅವರಲ್ಲಿ ಮೀನು ತಿನ್ನುವವರೇ ಹೆಚ್ಚು. ತಮ್ಮ ಸರದಿ ಬಾರದಿರಲಿ ಎಂದು ಅವರೂ ಹೆದರಿದ್ದಿರಬೇಕು. ಅಪ್ಪ ನನ್ನನ್ನು ಬಹಳ ಹೊತ್ತು ನೋಡಿ ಕೈ ಇಳಿಸಿದರು. ನಾನು ಸುಳ್ಳು ಹೇಳಿದೆನೆಂದು ಅವರಿಗೆ ಗೊತ್ತಾಗಿತ್ತು. ಮರುದಿನದಿಂದ ಕಾರ್ಖಾನೆಯಲ್ಲಿ ಪಕ್ಕದ ಯಂತ್ರದವರ ಮುಖ ನೋಡಲಾಗದೆ ಪಾಳಿ ಬದಲಿಸಿಕೊಂಡರು. ಆದರೆ ಅದರ ಬಗ್ಗೆ ನನ್ನೊಡನೆ ಸಾಯುವವರೆಗೂ ಒಂದು ಮಾತಾಡಲಿಲ್ಲ. ಅಯ್ಯನವರು ಬಂದು ಶುದ್ಧಿ ಮಾಡಿ ನನಗೆ ಹೊಸ ಶಿವದಾರ ಹಾಕಿದರು. ಅಜ್ಜಿ ನನ್ನ ಬಾಯಿಗೆ ಹೋಳಿಗೆ ಇಟ್ಟು, "ಪಾಪ, ಕೂಸಿಗೇನ್ ತಿಳೀತೈತಿ" ಎಂದಳು. ಆ ಹೋಳಿಗೆಯನ್ನೂ ತಿಂದೆ.

ಮತ್ತೆ ಅಕ್ಕನನ್ನು ನೋಡಲೇ ಇಲ್ಲ ಎಂದು ಬರೆದು ಮುಗಿಸುವ ಆಸೆಯಾಗುತ್ತದೆ. ಹಾಗೆ ಬರೆದರೆ ಅದು ಎರಡನೆಯ ಸುಳ್ಳು. ನನ್ನ ಮದುವೆಯಾದ ಹೊಸತು, ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮಾಗಡಿ ರಸ್ತೆಯಲ್ಲಿ ಹೋಗುತ್ತಿದ್ದೆ. ಸುಂಕದಕಟ್ಟೆಯ ಹತ್ತಿರ ಹೂವು ಕೊಳ್ಳಲು ನಿಲ್ಲಿಸಿದೆ. ಬುಟ್ಟಿಯ ಮುಂದೆ ಕೂತು ಕನಕಾಂಬರ ಕಟ್ಟುತ್ತಿದ್ದವರು ತಲೆ ಎತ್ತಿ ನೋಡಿದರು, ನೋಡುತ್ತಲೇ ಇದ್ದರು. ಕೂದಲು ನೆರೆತಿತ್ತು. ನಗು ಬಂದ ಮೇಲೆ ಗುರುತು ಹತ್ತಿತು. "ತಂಬಿ ತಾನೇ? ರಾಜಾಜಿನಗರದ ವಠಾರ? ಪಾಟಿ ಚೆನ್ನಾಗಿದಾರಾ?" ಎಂದರು. ಅಜ್ಜಿ ಹೋಗಿ ವರ್ಷಗಳಾದವು ಎಂದೆ. "ಅಯ್ಯೋ ಪಾವಂ" ಎಂದು ಹೂವು ಕೆಳಗಿಟ್ಟು ಕೈ ಮುಗಿದರು, ನಮ್ಮ ಅಜ್ಜಿಗಾಗಿ. ಆಮೇಲೆ ಹಳೆಯ ತುಂಟತನದಿಂದ ತಗ್ಗಿದ ದನಿಯಲ್ಲಿ, "ಏನು ಕಳ್ಳ, ಈಗ್ಲೂ ತಿಂತೀಯಾ?" ಎಂದು ಕಣ್ಣು ಮಿಟುಕಿಸಿದರು.

ಬಾಗಿಲು ತೆಗೆದುಕೊಟ್ಟವರೇ ಅವರು. ಅಷ್ಟು ವರ್ಷ ನಾನು ಎತ್ತಲಾರದೆ ಇದ್ದ ಮಾತನ್ನು ತಮಾಷೆ ಮಾಡಿ, ಹಗುರ ಮಾಡಿ ನನ್ನ ಕೈಗೇ ಇಟ್ಟಿದ್ದರು. ತಪ್ಪಾಯಿತಕ್ಕ ಎನ್ನಲು ಒಂದು ಉಸಿರು ಸಾಕಿತ್ತು. ಹಿಂದಿನಿಂದ ಹೆಂಡತಿ, "ಏನ್ರೀ, ಏನು ತಿನ್ನೋದು? ಯಾರಿವರು?" ಎಂದಳು. ಅವಳು ಮಠಕ್ಕೆ ನಡೆದುಕೊಳ್ಳುವ ಮನೆತನದ ಹುಡುಗಿ. "ಗೊತ್ತಿಲ್ಲ, ಇನ್ಯಾರನ್ನೋ ಅಂದ್ಕೊಂಡಿದಾರೆ" ಎಂದೆ. ಅಷ್ಟು ಹತ್ತಿರದಲ್ಲಿ ಅವರಿಗೆ ಕೇಳದಿರಲು ಸಾಧ್ಯವಿರಲಿಲ್ಲ. ಕಣ್ಣುಗಳು ನನ್ನ ಮೇಲಿಂದ ಸರಿದು ಹೂವಿನ ಮೇಲೆ ಹೋದವು. "ಹೌದಮ್ಮ, ವಯಸ್ಸಾಯ್ತು, ಮುಖ ಸರಿಯಾಗಿ ಕಾಣಲ್ಲ" ಎಂದು ನನ್ನ ಹೆಂಡತಿಗೆ ಹೇಳಿದರು. ಎರಡನೆಯ ಸಲವೂ ನನ್ನ ಸುಳ್ಳನ್ನು ತಮ್ಮ ಮೈಮೇಲೆ ಹಾಕಿಕೊಂಡರು. ಅವಳ ಜಡೆಗೆ ತಾವೇ ಹೂವು ಮುಡಿಸಿದರು. ಆಮೇಲೆ ಎಷ್ಟೋ ವರ್ಷ ನಾನು ಆ ಕಡೆಯ ಕೆಲಸವಿದ್ದರೂ ಕಾರ್ಡ್ ರೋಡಿನ ಸುತ್ತುದಾರಿ ಹಿಡಿದೆ. ನೋಡಬೇಕೆಂಬ ಧೈರ್ಯ ಬಂದು ಹೋಗಿ ನೋಡಿದಾಗ ಅಲ್ಲಿ ಮೊಬೈಲ್ ಅಂಗಡಿ ಇತ್ತು, ಕೇಳಿದರೆ ಯಾರಿಗೂ ನೆನಪಿಲ್ಲ.

ಈಗ ಆ ವಠಾರ ಇಲ್ಲ. ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ, ಬಾಗಿಲುಗಳೆಲ್ಲ ಮುಚ್ಚಿರುತ್ತವೆ, ಯಾವ ಮನೆಯಲ್ಲಿ ಏನು ಬೇಯುತ್ತಿದೆಯೆಂದು ತಿಳಿಯುವುದಿಲ್ಲ. ಬೆಳಿಗ್ಗೆ ಪಾರ್ಕಿನಲ್ಲಿ ನಮ್ಮ ವಯಸ್ಸಿನವರು ಸೇರಿದರೆ ಮಾತು ಅಲ್ಲಿಗೇ ಬರುತ್ತದೆ. ಆಗಿನ ರಾಜಾಜಿನಗರ ಎಂಥದು, ಯಾರು ಬಂದರೂ ಜಾಗ ಕೊಡುತ್ತಿದ್ದ ಊರು ನಮ್ಮದು, ಈಗ ಹೊರಗಿನವರು ಬಂದು ಕೆಟ್ಟಿತು ಎನ್ನುತ್ತಾರೆ. ನಾನೂ ತಲೆಯಾಡಿಸುತ್ತಾ ಬಂದಿದ್ದೇನೆ. ಈ ಊರು ಜಾಗ ಕೊಟ್ಟದ್ದು ನಿಜ. ರಾಣೆಬೆನ್ನೂರಿನಿಂದ ಬಂದ ನಮಗೂ ಕೊಟ್ಟಿತು, ಚಿನ್ನದ ಗಣಿಯಿಂದ ಬಂದವರಿಗೂ ಕೊಟ್ಟಿತು. ಕಿತ್ತುಕೊಂಡದ್ದು ಊರಲ್ಲ. ಊರಿಗೆ ಬಾಯಿಲ್ಲ, ಸುಳ್ಳು ಹೇಳಲು ಅದಕ್ಕೆ ಬರುವುದಿಲ್ಲ. ಕಿತ್ತುಕೊಂಡದ್ದು, ಆ ಅಂಗಳದಲ್ಲಿ ಎಲ್ಲರ ಭಾಷೆ ಕಲಿತು, ಎಲ್ಲರ ತಿಂಡಿಗೆ ಆಸೆಪಟ್ಟು, ಎಲ್ಲರ ಪ್ರೀತಿಯಲ್ಲಿ ಬೆಳೆದ ನಾನು.

ಅವರಿಗೂ ಒಂದು ಹೆಸರಿದೆಯೆಂದು ನನಗೆ ತಿಳಿದದ್ದು ಅವರು ವಠಾರ ಬಿಟ್ಟ ದಿನ. ನನಗೆ ಅಕ್ಕ, ಅಜ್ಜಿಗೆ ಮೀನಿನ ಮನಿಯಾಕಿ, ಓನರಿಗೆ ಮೂಲೆಮನೆ. ಯಾರೂ ಹೆಸರು ಕೇಳಿರಲಿಲ್ಲ. ಕೈಗಾಡಿಯ ಮೇಲೆ ಸಾಮಾನು ಕಟ್ಟಿಯಾಗಿತ್ತು, ಮೇಲೆ ತೊಟ್ಟಿಲು ಬೋರಲಾಗಿತ್ತು. ಅವರು ಖಾಲಿ ಮನೆಯ ನೆಲವನ್ನು, ಮುಂದೆ ಬರುವವರಿಗೆ ಚೊಕ್ಕಟವಾಗಿರಲಿ ಎಂದು ಕೂತು ಒರಸುತ್ತಿದ್ದರು. ಕಿಟಕಿಯ ಸರಳು ಹಿಡಿದು ನಾನು ನೋಡುತ್ತಿದ್ದೆ. ಹೊತ್ತಾಯಿತೆಂದು ಗಂಡ ಗೇಟಿನಿಂದ ಕೂಗಿ ಕರೆದರು. ಅಂಗಳದಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು. ಅವರು ಕೈ ಒರಸಿಕೊಂಡು, ಮಗುವನ್ನು ಎತ್ತಿಕೊಂಡು, ಬಂದೆ ಎಂದು ಹೊರಟರು. ನಾನು ಇದುವರೆಗೆ ಯಾರೆದುರೂ ಆ ಹೆಸರನ್ನು ಬಾಯಿಬಿಟ್ಟು ಹೇಳಿಲ್ಲ. ಹೇಳಿದರೆ ಮುಂದಿನ ಮಾತು ತಪ್ಪಾಯಿತು ಎಂದೇ ಆಗಬೇಕಿತ್ತು, ಅದನ್ನು ಕೇಳಬೇಕಾದವರು ಎದುರಿಗಿದ್ದಾಗ ನಾನು ಗೊತ್ತಿಲ್ಲ ಎಂದೆ.

ಅವರ ಹೆಸರು ಅಂಜಲೈ.